ಅದು ಕೇಳಲೇ ಇಲ್ಲ

ಅಕ್ಕಾ, ಆ ಭಾನುವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನಿನ್ನ ಕಂಪ್ಯೂಟರಿನ ಬಾಯಿ ಕಟ್ಟಿದವಳು ನಾನು. ಸೆಲ್ವಿಯಲ್ಲ.

ಲಗ್ನಪತ್ರಿಕೆ ಮಾಡಿಕೊಡುವ ನಿನ್ನ ಕೆಲಸಕ್ಕೆಂದು ಕಂಪ್ಯೂಟರಿಗೆ ಯಾವ ಹೊಸ ಪ್ರೋಗ್ರಾಮ್ ಹಾಕಿಕೊಂಡರೂ ಪರದೆ ಮಂಕಾಗಿ, ಅನುಮತಿ ಕೇಳುವ ಚೌಕವೊಂದು ಬರುತ್ತಿತ್ತು. ಬಾಗಿಲು ತಟ್ಟಿದವರನ್ನು ಕೇಳುವಂತೆ ನೀನು ಅದಕ್ಕೂ ‘ಯಾರು?’ ಎನ್ನುತ್ತಿದ್ದೆ — ಆಮೇಲೆ ಶಿವಮೊಗ್ಗಕ್ಕೆ, ನನಗೆ ಫೋನು. ‘ಮತ್ತೆ ಕೇಳ್ತಿದೆ ಕಣೆ, ಹೂಂ ಅನ್ಲಾ, ಉಹೂಂ ಅನ್ಲಾ?’

ನನಗೆ ಸಾಕಾಗಿತ್ತು. ಅಂದು ಭದ್ರಾವತಿಗೆ ಬಂದವಳು, ನೀನು ಅಡುಗೆಮನೆಯಲ್ಲಿದ್ದಾಗ, ಆ ಎಚ್ಚರಿಕೆಯನ್ನೇ ಪೂರ್ತಿ ನಿಲ್ಲಿಸಿಬಿಟ್ಟೆ. ‘ಸರಿ ಮಾಡಿದೀನಿ. ಇನ್ಮೇಲೆ ಅಪಾಯ ಇದ್ರೆ ಮಾತ್ರ ಕೇಳುತ್ತೆ’ ಎಂದು ನಿನಗೆ ಸುಳ್ಳು ಹೇಳಿದೆ. ಕಂಪ್ಯೂಟರ್ ಓದಿದ ತಂಗಿ — ನೀನು ನಂಬಿದೆ.

ಎರಡು ತಿಂಗಳ ಮೇಲೆ ನಾನು ಮತ್ತೆ ಬಂದಿದ್ದೆ. ನೀನು ಪರದೆಯ ಎದುರು ಕೂತು ಜಡೆ ಹಾಕಿಕೊಳ್ಳುತ್ತಿದ್ದೆ. ಮೌಸಿನ ಮೇಲೆ ಯಾರ ಕೈಯೂ ಇರಲಿಲ್ಲ — ಬಾಣ ತಾನೇ ಸರಿದು, ನಮ್ಮ ಫೋಟೋಗಳನ್ನು ಒಂದೊಂದಾಗಿ ತೆರೆಯತೊಡಗಿತು. ಮೇಲೆ ಕ್ಯಾಮೆರಾದ ದೀಪ ಉರಿಯುತ್ತಿತ್ತು. ನಾನು ವೈರ್ ಕಿತ್ತೆಸೆದೆ. ಯಾರು — ಎಷ್ಟು ದಿನದಿಂದ — ಏನೇನು ನೋಡಿದ್ದರು? ಇವತ್ತಿಗೂ ಆ ಬಾಣ ಕಣ್ಣೆದುರು ಸರಿಯುತ್ತದೆ.

ನೀನು ಕ್ಯಾಮೆರಾಕ್ಕೆ ಹಣೆಯ ಸ್ಟಿಕ್ಕರ್ ಅಂಟಿಸಿದೆ. ಕೇಬಲ್‌ನವನು, ಹಾಲಿನವನು, ಎಲ್ಲರ ಮೇಲೂ ಅನುಮಾನ. ಕೊನೆಗೆ ಪಕ್ಕದ ಕ್ವಾರ್ಟರ್ಸಿನ ಸೆಲ್ವಿ — ಹಿಂದಿನ ವಾರ ಮಗಳ ಅರ್ಜಿ ತುಂಬಲು ಬಂದು, ಏನನ್ನೋ ಡೌನ್‌ಲೋಡ್ ಮಾಡಿದ್ದವಳು.

‘ಅದು ಏನೂ ಕೇಳ್ಲೇ ಇಲ್ಲಕ್ಕಾ,’ ಸೆಲ್ವಿ ಹೊಸಿಲಾಚೆಯೇ ನಿಂತಿದ್ದಳು. ‘ಕೇಳಿದ್ರೆ ನಿಮ್ಮನ್ನ ಕರೀತಿರ್ಲಿಲ್ವಾ?’

‘ಕೇಳದೆ ಇರುತ್ತಾ? ನೀನೇ ಹೇಳೇ ವೀಣಾ.’

ಇಬ್ಬರೂ ನನ್ನನ್ನೇ ನೋಡಿದಿರಿ.

‘ಕೇಳ್ಬೇಕಿತ್ತು...’ ಎಂದೆ ನಾನು. ಅಷ್ಟೇ.

ಆ ಸಂಜೆ ನಾನು ಎಲ್ಲ ಅಳಿಸಿ ಕಂಪ್ಯೂಟರನ್ನು ಹೊಸದಾಗಿ ಸಿದ್ಧ ಮಾಡಿದೆ. ಚೌಕ ಮರಳಿತು. ‘ನೋಡು, ಕೇಳುತ್ತೆ! ಎಂಥಾ ಸುಳ್ಳಿ ಅವ್ಳು’ ಎಂದು ನೀನು ಕಾಗದನಗರ ಕಾಲೊನಿಯ ಮನೆಮನೆಗೂ ಹೇಳಿ ಬಂದೆ. ನಾನು ತಡೆಯಲಿಲ್ಲ.

ಸೆಲ್ವಿ ಈಗ ಆಯನೂರಿನಲ್ಲಿದ್ದಾಳೆ. ನಾಳೆ ಹೋಗಿ ಇದನ್ನೆಲ್ಲ ಅವಳೆದುರು ಹೇಳುತ್ತೇನೆ. ಅವಳು ಒಳಗೆ ಕರೆಯದಿದ್ದರೆ — ಹೊಸಿಲಾಚೆ ನಿಂತೇ ಹೇಳುತ್ತೇನೆ.

ಆ ಮಾತು ತಾಳಲಾರದೆ ಸೆಲ್ವಿಯವರು ಮನೆ ಖಾಲಿ ಮಾಡಿದ ಮಾರನೆಯ ಬೆಳಿಗ್ಗೆ ನಿನ್ನ ಫೋನು ಬಂದಿತ್ತು, ನೆನಪಿದೆಯಾ? ‘ನಿನ್ನೆ ರಾತ್ರಿ ಅಂತೂ ನೆಮ್ಮದಿಯಾಗಿ ನಿದ್ದೆ ಬಂತು, ಬೆಳಗಿನ ತನಕ ಎಚ್ಚರನೇ ಆಗ್ಲಿಲ್ಲ ಮಾರಾಯ್ತಿ.’

‘ಒಳ್ಳೇದಾಯ್ತು ಬಿಡಕ್ಕಾ’ ಎಂದಿದ್ದೆ ನಾನು.