ಯುಗೆಟ್ ಪೆರ್ನೆ ತೆಗೆಸಲು ಹೊರಟ ಬೀಗ

ನಮ್ಮ ಜಿನೀವಾದಲ್ಲಿ ದೇಶಗಳ ಜಗಳ ಬಿಡಿಸುವುದಿಲ್ಲ, ಸಾಕುತ್ತೇವೆ. ಅದಕ್ಕೆ ಸರೋವರದ ಹತ್ತಿರ ದೊಡ್ಡ ಕಟ್ಟಡಗಳಿವೆ, ಒಳ್ಳೆಯ ಕಾಫಿಯಿದೆ, ಸಂಬಳ ಎಣಿಸಿಕೊಳ್ಳಲು ನನ್ನಂಥವರಿದ್ದೇವೆ. ಹಾವು ಸಾಯಬಾರದು, ಕೋಲು ಮುರಿಯಬಾರದು. ಯುಗೆಟ್ ಪೆರ್ನೆ ಮಾತ್ರ ಈ ಕಸುಬಿಗೆ ತಕ್ಕವಳಲ್ಲ. ನೆಲಬಾಂಬು ನಿಷೇಧಿಸುವ ಒಪ್ಪಂದವೊಂದರ ಸಮಿತಿಗೆ ಅವಳು ಕಾರ್ಯದರ್ಶಿ, ನಾನು ಪಕ್ಕದ ಮೇಜಿನ ಅನುವಾದಕ. ಜಗಳ ಮುಗಿಸುವುದಕ್ಕೇ ನಾವಿರುವುದೆಂದು ಅವಳು ನಂಬಿದ್ದಳು, ಪಾಪ.

ಅವಳು ನಿವೃತ್ತಿಯಾಗುವ ವರ್ಷ ಒಂದು ದೇಶ ನೆರೆಯ ದೇಶದ ಮೇಲೆ ದೂರು ತಂದಿತು: ಗಡಿಯ ಗೋದಾಮಿನಲ್ಲಿ ಬಾಂಬು ಬಚ್ಚಿಟ್ಟು, ಕದ್ದು ಹೂಳುತ್ತಿದೆ ಎಂದು. ಅಲ್ಲಿ ದನ ಕಾಯುವವರ ಕಾಲು ಹೋಗುತ್ತಿದ್ದದ್ದಂತೂ ನಿಜ. ಆದರೆ ಗೋದಾಮು ನೋಡಲು ಜನ ಕಳಿಸಬೇಕಾದರೆ ಎಲ್ಲ ದೇಶಗಳೂ ಒಪ್ಪಬೇಕು, ಆರೋಪ ಹೊತ್ತ ದೇಶವೂ ಸೇರಿ. ಕಳ್ಳನ ಅಪ್ಪಣೆ ಪಡೆದೇ ಅವನ ಮನೆ ಶೋಧಿಸುವುದು ನಮ್ಮ ಮರ್ಯಾದೆ.

"ಮನೆಗೆ ಹೋಗೋ ಮುಂಚೆ ಆ ಗೋದಾಮಿನ ಬೀಗ ತೆಗೆಸ್ತೀನಿ ನೋಡು," ಅಂದಳು ಯುಗೆಟ್.

"ತೆಗೆಸುವಂತೆ ತಾಯಿ. ಮೊದಲು ಆ ಇಬ್ರು ರಾಯಭಾರಿಗಳನ್ನ ಒಂದು ಮೇಜಿಗೆ ಕೂರಿಸು," ಅಂದೆ. ಒಬ್ಬ ಹತ್ತಿದ ಲಿಫ್ಟಿಗೆ ಇನ್ನೊಬ್ಬ ಹತ್ತುತ್ತಿರಲಿಲ್ಲ.

ಅವಳು ಮೌನದ ಪದ್ಧತಿಗೆ ಕೈಹಾಕಿದಳು. ಗೋದಾಮು ನೋಡುವ ನಿರ್ಣಯದ ಕರಡನ್ನು ಎಲ್ಲರಿಗೂ ಕಳಿಸಿ ಗಡುವು ಕೊಡುವುದು. ಅಷ್ಟರೊಳಗೆ ಯಾರೂ ಬೇಡವೆಂದು ಬರೆಯದಿದ್ದರೆ ಎಲ್ಲರೂ ಒಪ್ಪಿದಂತೆ. ಗಡುವನ್ನು ನಮ್ಮ ಕಚೇರಿಯ ಎಸ್ಕಲಾದ್ ಹಬ್ಬದ ಕೂಟದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟಳು. ಹಿಂದೊಮ್ಮೆ ಗೋಡೆ ಹತ್ತಿ ಬಂದ ವೈರಿಗಳನ್ನು ನಮ್ಮೂರು ಓಡಿಸಿದ ನೆನಪಿಗೆ ಮಾಡುವ ಹಬ್ಬ ಅದು. ಆರೋಪ ಹೊತ್ತ ದೇಶದ ಮುದಿ ರಾಯಭಾರಿ ಪುಕ್ಕಟೆ ವೈನ್ ಬಿಟ್ಟವನಲ್ಲ. ಅವನ ಕಚೇರಿಯವರೋ ಅವನನ್ನು ಕೇಳದೆ ಸೀನುವವರೂ ಅಲ್ಲ.

ಅಂದು ಯುಗೆಟ್ ತಾನೇ ಸೌಟು ಹಿಡಿದು ಅವನಿಗೆ ತರಕಾರಿ ಸೂಪು ಬಡಿಸಿದಳು. "ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ ಸಾರ್." ಅವನು ಹಾಕಿಸಿಕೊಂಡ, ವೈನ್ ಕುಡಿದ, ಗಡುವನ್ನು ಮರೆತ. ಬೀಗ ತೆಗೆದೀತೆಂದು ನನಗೂ ಆಸೆ ಹುಟ್ಟಿತು. ಹನ್ನೆರಡಕ್ಕೆ ಇನ್ನೇನು ಐದು ನಿಮಿಷವಿದೆ ಎನ್ನುವಾಗ ಆಕ್ಷೇಪಣೆ ಬಂತು, ದೂರು ಕೊಟ್ಟ ದೇಶದಿಂದ!

ಅವರ ಎಳೆಯ ರಾಯಭಾರಿ ಅಲ್ಲೇ ಬ್ರೆಡ್ಡು ಮುರಿಯುತ್ತಿದ್ದ. ಯುಗೆಟ್ ಸೌಟಿನ ಸಮೇತ ಅವನ ಮುಂದೆ ನಿಂತಳು.

"ದೂರು ನಿಮ್ಮದೇ ಅಲ್ವಾ ಸಾರ್?"

"ನಮ್ಮದೇ ಮೇಡಂ. ಹಾಗಂತ ಇವತ್ತು ಅವರ ಗೋದಾಮು ತೆಗೆಸಿದ್ರೆ, ನಾಳೆ ನಿಮ್ಮದೂ ತೆಗೀರಿ ಅಂತಾರಲ್ಲ?"

ಕೇಳಿಸಿಕೊಂಡ ಮುದುಕ ಎದ್ದು ಬಂದು ಅವನ ಬೆನ್ನು ತಟ್ಟಿದ. "ಬುದ್ಧಿವಂತ ಕಣಪ್ಪ ನೀನು!" ಇಬ್ಬರೂ ಒಂದೇ ಮೇಜಿಗೆ ಕೂತರು.

ಅಷ್ಟರಲ್ಲಿ ಚಾಕೊಲೇಟಿನ ಮಡಕೆ ಬಂತು. ಕೂಟದ ಅತಿ ಹಿರಿಯ ಮತ್ತು ಅತಿ ಕಿರಿಯ ಕೈಕೈ ಹಿಡಿದು ಅದನ್ನು ಒಡೆಯುವುದು ನಮ್ಮೂರ ವಾಡಿಕೆ. ಯಾರ ಸರದಿಯೆಂದು ನೋಡಿದರೆ, ಈ ಇಬ್ಬರದೇ. "ಹೀಗೆ ನಾಶವಾದರು ಗಣರಾಜ್ಯದ ವೈರಿಗಳು!" ಎಂದು ಇಬ್ಬರೂ ಹಬ್ಬದ ಘೋಷಣೆಯನ್ನು ಒಟ್ಟಿಗೆ ಕೂಗಿ ಗುದ್ದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನಾನೂ ತಟ್ಟಿದೆ.

ಯುಗೆಟ್ ಸೌಟು ಕೆಳಗಿಟ್ಟಳು. "ಒಂದು ಮೇಜಿಗೆ ಕೂರಿಸು ಅಂದಿದ್ದೆಯಲ್ಲೋ, ಕೂರಿಸಿದೀನಿ ನೋಡು. ಒಂದಿದ್ದ ಬೀಗ ಎರಡಾಯ್ತು."

ಚಾಕೊಲೇಟಿನ ಚೂರು ಕೊಡಹೋದೆ. ಅವಳು ಕೋಟು ಹಾಕಿಕೊಳ್ಳುತ್ತಿದ್ದಳು.