ಕಾಡುಜನರ ಕೂಗಿಗೆ ಕಿವಿಗೊಟ್ಟ ಬದರುನ್ನಿಸಾ

ಸಿನಿಮಾ ಅಧ್ಯಯನದಲ್ಲಿ ಹೆಸರಾಂತ ಚಿತ್ರಗಳನ್ನು ಹೊಗಳಿ ಹೆಸರು ಮಾಡಿದವರು ಬೇಕಾದಷ್ಟಿದ್ದಾರೆ; ಎಲ್ಲರೂ ಮೂಗು ಮುರಿದು ಬದಿಗೆ ತಳ್ಳಿದ್ದನ್ನು ಎತ್ತಿಕೊಂಡು ಕೂತವರು ಪ್ರೊಫೆಸರ್ ಬದರುನ್ನಿಸಾ. ಮೈಸೂರಿನಲ್ಲಿ ಹುಟ್ಟಿ, ಅಮೆರಿಕದ ಓಕ್ಲ್ಯಾಂಡಿನ ಕಾಲೇಜೊಂದರಲ್ಲಿ ಮೂರು ದಶಕ ಪಾಠ ಹೇಳಿ, ಈ ವಸಂತದಲ್ಲಿ ನಿವೃತ್ತರಾದ ಅವರ ವಿಷಯ ಇಟಲಿಯ ಅಗ್ಗದ ಸಾಹಸಚಿತ್ರಗಳು. ಎಪ್ಪತ್ತರ ದಶಕದಲ್ಲಿ ಅಲ್ಲಿನ ನಿರ್ಮಾಪಕರು ಪುಡಿಗಾಸು ಹಿಡಿದು ದೂರದ ಯಾವುದೋ ಕಾಡಿಗೆ ಬಂದಿಳಿಯುತ್ತಿದ್ದರು. ತೆರೆಯ ಮೇಲೆ ಆ ಕಾಡು ಅಮೆಜಾನ್ ಆಗುತ್ತಿತ್ತು. ಪಕ್ಕದ ಹಳ್ಳಿಯವರು ಮೈಗೆ ಬಣ್ಣ ಬಳಿಸಿಕೊಂಡು ನರಭಕ್ಷಕರಾಗುತ್ತಿದ್ದರು.

"ಆ ಕೊಳಕು ಪಿಕ್ಚರ್‌ಗಳನ್ನ ಇಟ್ಕೊಂಡು ಏನು ಲೆಕ್ಚರ್ ಮಾಡ್ತೀರಿ ಮೇಡಂ?" ಎಂದು ಹತ್ತಿರದ ಊರಾದ ಫ್ರೀಮಾಂಟಿನ ಕನ್ನಡಿಗರು ಕೇಳಿದರೆ, "ಯಾರಾದ್ರೂ ನೋಡ್ಬೇಕಲ್ಲ" ಎಂದು ನಗುತ್ತಿದ್ದರು. ಬಾಡಿಗೆಗೆ ರೂಮು ಸಿಗದ ವಿದ್ಯಾರ್ಥಿಗಳು ಅವರ ಮನೆಯ ಗ್ಯಾರೇಜಿನಲ್ಲಿ ಇಡೀ ಸೆಮಿಸ್ಟರ್ ಕಳೆದದ್ದುಂಟು. ಅವರ ಕೈಯ ಖೀಮಾ ತಿಂದು, ಅವರಿಂದಲೇ ಬೈಸಿಕೊಂಡು, ಪಾಸಾಗಿ ಹೋದವರು ಇಂದು ಅಲ್ಲಲ್ಲಿ ಮೇಷ್ಟ್ರಾಗಿದ್ದಾರೆ.

ಅವರ ಪಾಠಕ್ಕೊಂದು ಪದ್ಧತಿಯಿತ್ತು. ದೃಶ್ಯವನ್ನು ಸದ್ದಿಲ್ಲದೆ ತೋರಿಸುತ್ತಿದ್ದರು. ಈ ಚಿತ್ರಗಳ ಮಾತೆಲ್ಲ ಆಮೇಲೆ ರೋಮಿನ ಸ್ಟುಡಿಯೋದಲ್ಲಿ ಸೇರಿಸಿದ್ದು, ಅದನ್ನು ನಂಬಬೇಡಿ, ಹಿಂದಿನ ಸಾಲಿನ ಮುಖಗಳನ್ನು ಮಾತ್ರ ನೋಡಿ ಎನ್ನುತ್ತಿದ್ದರು. ಈ ಪದ್ಧತಿಯ ಮೇಲೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಹೋದ ವರ್ಷ ಫ್ರೀಮಾಂಟಿನಲ್ಲಿ ಅವರು ಭಾಷಣ ಮಾಡಿದಾಗ ತೆರೆಯ ಮೇಲೆ ಅಂಥ ಚಿತ್ರವೊಂದರ ದೃಶ್ಯ ಬಂತು: ಕಂಬಕ್ಕೆ ಕಟ್ಟಿದ ಬಿಳಿಯ ನಾಯಕಿ, ಸುತ್ತಲೂ ಬಾಯಿ ತೆರೆದು ಕೂಗುತ್ತಿರುವ ಕಾಡುಜನ. ಮೊಮ್ಮಗಳು ನಿಹಾರಿಕಾಳ ಜೊತೆ ಬಂದಿದ್ದ ನಂಜಮ್ಮ ಎಂಬ ಹಿರಿಯರು, "ಅದು ನಾನೇ" ಎಂದರು. ಮೈಸೂರು ಸೀಮೆಯ ಕಾಡಂಚಿನ ಅವರ ಊರಿಗೇ ಆ ಇಟಲಿಯವರು ಬಂದಿದ್ದರಂತೆ. ಬದರುನ್ನಿಸಾ ಅವರಿಗೆ ರೋಮಾಂಚನವಾಯಿತು. ತಮ್ಮ ಬೀಳ್ಕೊಡುಗೆಯ ಪ್ರದರ್ಶನಕ್ಕೆ ಇದೇ ಚಿತ್ರ ಎಂದು ಅಲ್ಲೇ ನಿರ್ಧರಿಸಿಬಿಟ್ಟರು.

ವಾರ ಕಳೆಯುವುದರೊಳಗೆ ನಂಜಮ್ಮನವರ ಮಗ ಶಶಿಧರ ಫೋನು ಮಾಡಿದರು. "ಬೇಡ ಮೇಡಂ. ನಮ್ಮಮ್ಮನ್ನ ರಾಕ್ಷಸಿ ಥರ ತೋರಿಸಿದ್ದಾರೆ. ಜನ ನಗ್ತಾರೆ. ನನ್ನ ಮಗಳು ಅದನ್ನ ನೋಡ್ಬೇಕಾ?"

ಬದರುನ್ನಿಸಾ ನೊಂದರು. ಮುಖಗಳನ್ನು ನೋಡಿ ಎಂದು ಊರಿಗೆಲ್ಲ ಹೇಳಿದವರು, ಆ ಮುಖದ ಒಡತಿಯನ್ನು ಒಂದು ಮಾತು ಕೇಳಿರಲಿಲ್ಲ. ನಂಜಮ್ಮ ಬೇಡವೆಂದರೆ ಪ್ರದರ್ಶನವನ್ನೇ ಕೈಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡು, ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ಅವರ ಮನೆಗೇ ಹೋದರು.

ಎಂದಿನಂತೆ ಸದ್ದಿಲ್ಲದೆ ತೋರಿಸಿದರು. ನಂಜಮ್ಮ, "ಸವುಂಡ್ ಹಾಕವ್ವ" ಎಂದರು.

"ಅದು ನಿಮ್ಮ ದನಿ ಅಲ್ಲಮ್ಮ, ಆಮೇಲೆ ಸೇರ್ಸಿರೋದು."

"ಇರ್ಲಿ, ಹಾಕು."

ಹಿರಿಯರ ಮಾತೆಂದು ಹಾಕಿದರು. ಮೊದಲು ನಗಾರಿ, ಆಮೇಲೆ ಕೂಗು. ನಾಯಕಿಯ ಚೀತ್ಕಾರ ರೋಮಿನದೇ. ಆದರೆ ಕೂಗನ್ನು ಮತ್ತೆ ಮಾಡಿಸುವ ಖರ್ಚು ಉಳಿಸಲು, ಕಾಡಿನಲ್ಲಿ ಹಿಡಿದದ್ದನ್ನೇ ಹಾಗೇ ಬಿಟ್ಟಿದ್ದರು. ನಗಾರಿಯ ಅಡಿಯಿಂದ ಅಚ್ಚ ಕನ್ನಡ ಕೇಳಿಸಿತು: "ಬಿಚ್ರೋ ಹಗ್ಗವ! ಮಗೀಗೆ ನೀರ್ ಕೊಡ್ರೋ!"

"ಬಿಸ್ಲಲ್ಲಿ ಕಟ್ಟಾಕಿದ್ರು ಕಣವ್ವ ಆ ಬಿಳೀ ಮಗೀನ," ಎಂದರು ನಂಜಮ್ಮ. "ಕಣ್ಣು ತೇಲ್ಸ್ತಿತ್ತು. ನಾವು ಬಡ್ಕೊಂಡಷ್ಟೂ ಆ ಪಿಕ್ಚರ್ ತೆಗ್ಯೋನು ಇನ್ನೂ ಜೋರಾಗಿ ಅನ್ನಂಗೆ ಕೈ ಆಡ್ಸ್ತಿದ್ದ. ತೋರ್ಸು, ಎಲ್ರೂ ಕೇಳ್ಲಿ."

ಬದರುನ್ನಿಸಾ ಅತ್ತರು. ಮೂರು ದಶಕ ತಾವೇ ಅದುಮಿಟ್ಟಿದ್ದ ದನಿ ಅದು. ಶಶಿಧರ ಇನ್ನೊಮ್ಮೆ ಹಾಕಿ ಕೇಳಿದರು.

ಪ್ರದರ್ಶನದ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ಕಾಡುಜನ ಕೂಗತೊಡಗಿದಾಗ ಮುಂದಿನ ಸಾಲಿನವರು ನಕ್ಕರು; ಕನ್ನಡಿಗರು ಮಾತ್ರ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಿಹಾರಿಕಾ ಎದ್ದು ನಿಂತಳು. "ದಟ್ಸ್ ಮೈ ಅಜ್ಜಿ," ಎಂದಳು. "ಶೀ ಈಸ್ ಟೆಲಿಂಗ್ ದೆಮ್ ಟು ಗಿವ್ ಹರ್ ವಾಟರ್." ನಗು ನಿಂತಿತು.

ನಿವೃತ್ತರಾದ ಬದರುನ್ನಿಸಾ ಈಗ ಹಳೆಯ ಚಿತ್ರಗಳನ್ನೆಲ್ಲ ಮೊದಲಿನಿಂದ, ಸದ್ದು ಹಾಕಿ, ಆಯಾ ಭಾಷೆಯ ಹಿರಿಯರನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಂಡು ನೋಡುತ್ತಿದ್ದಾರೆ. ಎಷ್ಟೋ ಕಾಡುಗಳು ಬಾಕಿಯಿವೆ. ಅಲ್ಲಿ ಯಾರು ಯಾರಿಗಾಗಿ ಕೂಗಿಕೊಂಡಿದ್ದಾರೋ ಯಾರಿಗೂ ಗೊತ್ತಿಲ್ಲ. ಅಷ್ಟನ್ನೂ ಕೇಳಿ ಮುಗಿಸುವಷ್ಟು ಆಯುಸ್ಸು ಅವರಿಗಿರಲಿ, ಕಿವಿ ಮಂದವಾಗದಿರಲಿ.