ಕರಡಿ ಕೇಳಿದಷ್ಟು ಸಾಕು

ಪ್ರವಾಸ ಕಚೇರಿಯ ಹಿಂದಿನ ಕೋಣೆಯಲ್ಲಿ ಹನ್ನೆರಡು ಮಡಚುವ ಕುರ್ಚಿಗಳು, ಗೋಡೆಯ ಮೇಲೆ ಬಾಯಿ ತೆರೆದ ಕರಡಿಯ ಚಿತ್ರ. ಆ ಚಿತ್ರದ ಕೆಳಗೆ ಇಪ್ಪತ್ತೆರಡು ವರ್ಷಗಳಿಂದ ನಿಂತು ಮಾತಾಡುತ್ತ ಬಂದವರಿಗೆ ಕರಡಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು. ಹೊರದೇಶದ ಕಾಡಿನಲ್ಲಿ ಡೇರೆ ಹಾಕಲು ಹೊರಟವರಿಗೆ ಹದಿಮೂರು ಸೂಚನೆ ಹೇಳಿ ಕಳಿಸುವುದು ಅವರ ಕೆಲಸ. ಸ್ವತಃ ಅವರು ಯಾವ ಕಾಡಿಗೂ ಕಾಲಿಟ್ಟವರಲ್ಲ. ಮನೆಯಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದರು.

ಅವರ ದನಿ ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದಂತೂ ಇಲ್ಲವೇ ಇಲ್ಲ. ಡೇರೆಯೊಳಗೆ ತಿನ್ನುವ ಪದಾರ್ಥ ಇಡಬಾರದು, ಹಲ್ಲುಜ್ಜುವ ಪೇಸ್ಟ್ ಕೂಡ ಇಡಬಾರದು ಎಂಬ ಒಂದು ಮಾತಿಗೇ ಇಪ್ಪತ್ತು ನಿಮಿಷ. ಏಳನೆಯ ಸೂಚನೆ ಬರುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು, ಉಳಿದವರು ಹೆದರುತ್ತಿದ್ದರು; ಕೊನೆಗೆ ಎಲ್ಲರೂ ಡೇರೆಯ ಬದಲು ಹೋಟೆಲ್ ಕೇಳುತ್ತಿದ್ದರು. "ನನ್ನ ಮಾತು ಕೇಳಿ ಹೋದ ಒಬ್ಬರನ್ನೂ ಇವತ್ತಿನವರೆಗೆ ಯಾವ ಪ್ರಾಣೀನೂ ಮುಟ್ಟಿಲ್ಲ" ಎಂದು ಮೇಷ್ಟ್ರು ಎದೆಯುಬ್ಬಿಸುತ್ತಿದ್ದರು. ಹೋಟೆಲಿನ ಐದನೇ ಮಹಡಿಗೆ ಕರಡಿ ಬರುವುದಾದರೂ ಹೇಗೆ?

ಕಚೇರಿಯ ಯಜಮಾನರಿಗೆ ಇದು ಹೊಳೆದದ್ದು ತಡವಾಗಿ. ಒಂದು ದಿನ ಕರೆದು ಹೇಳಿದರು: "ಮೇಷ್ಟ್ರೇ, ಡೇರೆಗೆ ಅಂತ ಬಂದೋರೆಲ್ಲ ನಿಮ್ಮ ಕೋಣೆಯಿಂದ ಹೋಟೆಲ್ ಕಡೆ ಓಡ್ತಿದ್ದಾರೆ. ಈ ತಿಂಗಳು ಒಬ್ಬರಾದ್ರೂ ಡೇರೇಲಿ ಮಲಗಿ ಬರಲಿ. ಇಲ್ಲದಿದ್ರೆ ಸೂಚನೆಗಳನ್ನ ಒಂದು ಹಾಳೇಲಿ ಅಚ್ಚು ಹಾಕಿಸಿ ಕೊಟ್ಟುಬಿಡೋಣ. ನೀವು ಮನೇಲಿ ಆರಾಮಾಗಿರಿ."

ಮೇಷ್ಟ್ರ ಮಾತನ್ನು ಜನ ಕೂತು ಕೇಳುವ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು.

ಆ ತಿಂಗಳು ಬಂದವರು ಒಬ್ಬರೇ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸಮ್ಮ. ಹದಿಮೂರನ್ನೂ ಅಲುಗಾಡದೆ ಕೇಳಿಸಿಕೊಂಡರು. ಆಮೇಲೆ, "ನೀವು ಕರಡಿ ನೋಡಿದ್ದೀರಾ?" ಎಂದರು.

"ಚಿತ್ರದಲ್ಲಿ." ಸುಳ್ಳು ಹೇಳಲು ಮೇಷ್ಟ್ರಿಗೆ ನಾಲಿಗೆ ಹೊರಳಲಿಲ್ಲ.

"ಸರಿ, ನಾನು ನೋಡ್ಕೊಂಡು ಬಂದು ಹೇಳ್ತೀನಿ."

ಮುಂದಿನ ಹನ್ನೆರಡು ದಿನ ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ನರ್ಸಮ್ಮನ ಚಿಂತೆ ಒಂದು ಕಡೆ, ಕೆಲಸದ ಚಿಂತೆ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಅವರನ್ನು ಕೇಳದಿರುವುದೇ ಮರ್ಯಾದೆ.

ಹದಿಮೂರನೆಯ ದಿನ ನರ್ಸಮ್ಮ ನೇರ ಕಚೇರಿಗೇ ಬಂದು, ಯಜಮಾನರ ಎದುರಿಗೇ ಕುರ್ಚಿ ಎಳೆದುಕೊಂಡರು.

"ಮೂರನೇ ದಿನ ಬೆಳಿಗ್ಗೆ ನೀರು ತರೋಕೆ ಹೋದೆ. ಆ ಎದುರಿನ ಅಂಗಡಿಯಷ್ಟು ದೂರದಲ್ಲಿ ನಿಂತಿತ್ತು. ಓಡಬಾರದು, ಬೆನ್ನು ತೋರಿಸಬಾರದು, ತಗ್ಗಿದ ದನೀಲಿ ಮಾತಾಡ್ತಾ ನಿಧಾನಕ್ಕೆ ಹಿಂದೆ ಸರೀಬೇಕು ಅಂದಿದ್ರಲ್ಲ, ನೆನಪಾಯ್ತು. ಆದ್ರೆ ಏನಂತ ಮಾತಾಡೋದು? ಕರಡಿ ಹತ್ರ ಕ್ಷೇಮಸಮಾಚಾರ ಕೇಳೋಕಾಗುತ್ತಾ? ನಿಮ್ಮ ಸೂಚನೆಗಳನ್ನೇ ಒಂದರಿಂದ ಶುರು ಮಾಡ್ದೆ. ನಿಮ್ಮ ದನೀಲೇ."

ಮೇಷ್ಟ್ರ ಕಣ್ಣು ತುಂಬಿ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವರ ಮಾತನ್ನು ಯಾರೂ ಇಷ್ಟು ದೂರ ಹೊತ್ತುಕೊಂಡು ಹೋಗಿರಲಿಲ್ಲ. "ಎಷ್ಟನೇದರವರೆಗೆ ಕೇಳ್ತು?" ಎಂದರು.

"ಮೂರು. ಆಮೇಲೆ ಒಂದು ಸಲ ಆಕಳಿಸಿ ಹೊರಟುಹೋಯ್ತು."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, "ಮೇಷ್ಟ್ರು ಇರಲಿ. ಆದ್ರೆ ಕರಡಿ ಕೇಳಿದಷ್ಟು ಸಾಕು" ಎಂದು ತೀರ್ಪು ಕೊಟ್ಟರು.

ಅಂದಿನಿಂದ ಸೂಚನೆ ಮೂರೇ: ಡೇರೆಯಲ್ಲಿ ತಿಂಡಿ ಬೇಡ, ಕಾಡಿನ ಕಾವಲುಗಾರರನ್ನು ಕೇಳದೆ ಮುಂದೆ ಹೋಗಬೇಡಿ, ಕರಡಿ ಕಂಡರೆ ಓಡಬೇಡಿ. ಜನ ಎಚ್ಚರವಾಗಿ ಕೇಳಿದರು, ಡೇರೆಗೂ ಹೋದರು. ಮೇಷ್ಟ್ರ ಕೆಲಸ ಉಳಿಯಿತು. ಆದರೆ ಉಳಿದ ಹತ್ತು ಸೂಚನೆ ಹೊಟ್ಟೆಯಲ್ಲೇ ಉಳಿದು ಅವರಿಗೆ ಸಂಕಟವಾಗುತ್ತಿತ್ತು.

ಒಂದು ಸಂಜೆ ಮನೆಗೆ ಬಂದು, ಚೀಲ ಕೆಳಗಿಟ್ಟು, ಹೆಂಡತಿಯ ಎದುರು ನಾಲ್ಕನೆಯದನ್ನು ಶುರುಮಾಡಿದರು. ಆಕೆ ಓಡಲಿಲ್ಲ, ಬೆನ್ನೂ ತೋರಿಸಲಿಲ್ಲ. "ಹೂಂ ರೀ, ಹೌದು ರೀ, ಸರಿ ರೀ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತ, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡರು.